ಕಾಗೆ ಮುಟ್ಟದ ವಡೆ

ನಾನು ಯಾವುದನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ಇದು ಜಂಬದ ಮಾತಲ್ಲ, ಹೊಟ್ಟೆಪಾಡಿನ ಮಾತು. ಬಾಥೆಲ್ ಊರಿನ ನಾರ್ತ್ ಕ್ರೀಕ್‌ನಲ್ಲಿ, ಫ್ರೀವೇಗೆ ಬೆನ್ನು ಹಾಕಿ ಕೂತಿರುವ ಒಂದು ಕಂಪನಿಯಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟರ್. ಬರೆದವರು 'ಎಲ್ಲಾ ಸರಿಯಾಗಿದೆ' ಎಂದು ಕೊಟ್ಟದ್ದನ್ನು 'ಏನೂ ಸರಿಯಾಗಿಲ್ಲ' ಎಂದು ತೋರಿಸುವುದಕ್ಕೇ ನನಗೆ ಸಂಬಳ. ಹುಟ್ಟುಗುಣವೋ ಉದ್ಯೋಗದ ಗುಣವೋ, ಈ ಚಾಳಿ ಮನೆಗೂ ಬಂದಿದೆ. ಹಾಲಿನ ಕ್ಯಾನಿನ ಮೇಲೆ ತಾರೀಖು ಇನ್ನೂ ದಾಟಿಲ್ಲವೆಂದು ಬರೆದಿದ್ದರೂ ಮೂಸುತ್ತೇನೆ, ಮೂಸಿದ ಮೇಲೆ ಒಂದು ಲೋಟ ಕಾಯಿಸಿ ನೋಡುತ್ತೇನೆ, ಒಡೆಯದಿದ್ದರೆ ಯಾಕೆ ಒಡೆಯಲಿಲ್ಲವೆಂದು ಯೋಚಿಸುತ್ತೇನೆ. ಇಂಥ ನಾನು ಒಂದು ಕಾಗೆಯ ಎದುರು ನಿಂತಾಗ ಸೆರಗು ಸರಿಮಾಡಿಕೊಳ್ಳುತ್ತೇನೆ. ಪ್ಯಾಂಟು ಹಾಕಿಕೊಂಡಿದ್ದರೂ ಕೈ ಹೆಗಲಿಗೆ ಹೋಗುತ್ತದೆ. ಹೇಗೆ ಈ ಗತಿ ಬಂತೆಂದು ಹೇಳುತ್ತೇನೆ, ನಗುವವರು ನಗಬಹುದು.

ಮೊದಲು ಈ ಡಾಲರಿನ ದೇಶದ ಹಬ್ಬಗಳ ವಿಷಯ. ನಮ್ಮಲ್ಲಿ ಹಬ್ಬಕ್ಕೆ ತಿಂಡಿ. ಯುಗಾದಿ ಬಂದರೆ ಒಬ್ಬಟ್ಟು, ಗಣೇಶ ಬಂದರೆ ಕಡುಬು, ಸಂಕ್ರಾಂತಿಗೆ ಎಳ್ಳು ಬೆಲ್ಲ. ಮುಂದೆ ದೇವರು, ಹಿಂದೆ ತಿಂಡಿ, ಅದು ಕ್ರಮ. ಇಲ್ಲಿ ತಿಂಡಿಗೇ ಹಬ್ಬ. ದೇವರೂ ಇಲ್ಲ, ಕಥೆಯೂ ಇಲ್ಲ, ಎಣ್ಣೆ ನೀರೂ ಇಲ್ಲ. ಇವತ್ತು ರಾಷ್ಟ್ರೀಯ ಡೋನಟ್ ದಿನ, ನಾಳೆ ರಾಷ್ಟ್ರೀಯ ಉಪ್ಪಿನಕಾಯಿ ದಿನ, ಆಚೆ ನಾಡಿದ್ದು ಇನ್ನೇನೋ ಒಂದು ಚೀಸಿನ ದಿನ. ಯಾರು ಕಂಡುಹಿಡಿದರೋ, ಯಾವ ಪಂಚಾಂಗದ ಪ್ರಕಾರವೋ, ಕೇಳುವ ಹಾಗಿಲ್ಲ. ನಮ್ಮ ಆಫೀಸಿನಲ್ಲಿ ಇದರ ಪೌರೋಹಿತ್ಯ ಡೋರಿಸ್‌ಳದು. ಡೋರಿಸ್ ಕೆಳಗಿನ ಲಾಬಿಯಲ್ಲಿ ಮುಂಬಾಗಿಲ ಹತ್ತಿರ ಕೂರುವ ರಿಸೆಪ್ಷನಿಸ್ಟ್. ಬಿಳಿ ಕೂದಲು, ಮೂಗಿನ ತುದಿಗೆ ಕನ್ನಡಕ, ಹಿಂದಿನ ಗೋಡೆಯ ಮೇಲೆ ಆಯಾ ದಿನದ ತಿಂಡಿಯ ಹೆಸರು ಅಚ್ಚಾಗಿರುವ ಒಂದು ಕ್ಯಾಲೆಂಡರ್, ಮುಂದಿನ ಕಟ್ಟೆಯ ಮೇಲೆ ಆ ತಿಂಡಿಯ ತಟ್ಟೆ. ಹೆಚ್ಚಿನದನ್ನು ಮನೆಯಲ್ಲೇ ಮಾಡಿ ತರುತ್ತಿದ್ದಳು. ಒಳಗೆ ಬಂದವರೆಲ್ಲ ಒಂದೊಂದು ತೆಗೆದುಕೊಂಡು ಹೋಗುವುದು ಪದ್ಧತಿ.

ನಾನು ತೆಗೆದುಕೊಳ್ಳುತ್ತಿರಲಿಲ್ಲ. ಇದರಲ್ಲಿ ಮೊಟ್ಟೆ ಇದೆಯಾ, ಅದರಲ್ಲಿ ಮೂಳೆಯಿಂದ ತೆಗೆದ ಜೆಲಟಿನ್ ಇದೆಯಾ ಎಂದು ದಿನಾ ಕೇಳಿ ಕೇಳಿ ನನಗೇ ನಾಚಿಕೆಯಾಗಿ, ಕೊನೆಗೆ ಉಪವಾಸ ಎಂದು ಹೇಳಿಬಿಡುತ್ತಿದ್ದೆ. ಎಷ್ಟು ಸಲ ಹೇಳಿದ್ದೆನೆಂದರೆ ಡೋರಿಸ್‌ಳ ಕಣ್ಣಿನಲ್ಲಿ ನಾನು ಅರ್ಧ ಸನ್ಯಾಸಿನಿ. ಅವಳ ಹಬ್ಬಗಳನ್ನು ನಾನು ಮನೆಯಲ್ಲಿ ಆಡಿಕೊಂಡು ನಗುತ್ತಿದ್ದೆ. 'ಇವತ್ತು ಪಾಪ್‌ಕಾರ್ನ್ ಹಬ್ಬವಂತೆ, ತೋರಣ ಕಟ್ಟಲಾ?' ಎಂದು ನಮ್ಮವರನ್ನು ಕೇಳುವುದು. ನಮ್ಮವರು, ಅಂದರೆ ನನ್ನ ಗಂಡ ಶ್ರೀಕಂಠ, ಪೇಪರಿನಿಂದ ತಲೆ ಎತ್ತದೆ 'ಹ್ಞೂಂ' ಎನ್ನುವುದು. ಪಕ್ಕದಲ್ಲಿ ನಮ್ಮತ್ತೆ ಜಪಸರ ಹಿಡಿದು ಕೂತು ಮುಗುಳ್ನಗುವುದು. ಆ ಮುಗುಳ್ನಗೆಯನ್ನು ನಾನು ಟೆಸ್ಟ್ ಮಾಡಬೇಕಿತ್ತು.

ಅತ್ತೆಯವರ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಮೈಸೂರಿನ ಮಡಿಯನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದು ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾಲ್ಕಾರು ವರ್ಷ ಇದ್ದರು. ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಹೊರಗಿನ ನೀರು ಇಲ್ಲ, ಎಲ್ಲಿಗೆ ಹೋದರೂ ಕೈಯಲ್ಲಿ ಸ್ಟೀಲ್ ಚೊಂಬು. ಕನ್ನಡದವರ ಮನೆಗೆ ಊಟಕ್ಕೆ ಕರೆದರೂ ಬಾಳೆಹಣ್ಣು ಮಾತ್ರ. ಸಂಜೆ ಹೊತ್ತು ನಮ್ಮವರ ಹಳೇ ಜಾಕೆಟ್ಟನ್ನು ಸೀರೆಯ ಮೇಲೆ ಹಾಕಿಕೊಂಡು, ಬಿಳಿ ಬೂಟು ತೊಟ್ಟು, ಹಳ್ಳದ ಪಕ್ಕದ ಕಾಲುದಾರಿಯಲ್ಲಿ ಎಡಗಾಲು ಎಳೆದು ಎಳೆದು ನಡೆದು ನನ್ನ ಆಫೀಸಿಗೆ ಬರುತ್ತಿದ್ದರು. ನಾನು ಕೆಲಸ ಮುಗಿಸಿ ಇಳಿದು ಬರುವ ತನಕ ಲಾಬಿಯ ಸೋಫಾದಲ್ಲಿ ಕೂತಿದ್ದು, ನನ್ನ ಜೊತೆ ಕಾರಿನಲ್ಲಿ ಮನೆಗೆ. ರಾತ್ರಿ ಊಟಕ್ಕೆ ಕರೆದರೆ, 'ಹಸಿವೇ ಇಲ್ಲ ಕಣೆ, ಒಂದು ಲೋಟ ಹಾಲು ಸಾಕು' ಎನ್ನುತ್ತಿದ್ದರು. ವಯಸ್ಸಾದ ಹಾಗೆ ಇವರಿಗೆ ವೈರಾಗ್ಯ ಬರುತ್ತಿದೆ ಎಂದು ನಾನು ತಾಯಿಗೆ ಫೋನಿನಲ್ಲಿ ಹೊಗಳಿದ್ದೂ ಉಂಟು. ಇನ್ನೊಂದು ಅಭ್ಯಾಸವಿತ್ತು. ಏನನ್ನಾದರೂ ಬಾಯಿಗೆ ಹಾಕಿಕೊಳ್ಳುವ ಮೊದಲು ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡುತ್ತಿದ್ದರು. ದೃಷ್ಟಿಯಾಗದಿರಲಿ ಅಂತ ಇರಬೇಕೆಂದು ನಾನು ಅಂದುಕೊಂಡಿದ್ದೆ.

ಒಂದು ಅಕ್ಟೋಬರಿನಲ್ಲಿ, ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅಷ್ಟು ಸುಲಭದ ಸಾವು. ನಮ್ಮವರು ಅಸ್ಥಿ ತೆಗೆದುಕೊಂಡು ಹೋಗಿ ಶ್ರೀರಂಗಪಟ್ಟಣದಲ್ಲಿ ಹೊಳೆಯ ದಂಡೆಯ ಮೇಲೆ ಕರ್ಮ ಮಾಡಿದರು. ಅಲ್ಲೇ ತೊಡಕಾದದ್ದು. ಪಿಂಡ ಇಟ್ಟರೆ ಕಾಗೆ ಮುಟ್ಟಲಿಲ್ಲ. ಸುತ್ತ ಬೇಕಾದಷ್ಟು ಕಾಗೆಗಳಿದ್ದವಂತೆ, ಪಕ್ಕದವರ ಪಿಂಡಕ್ಕೆ ಜಗಳ ಆಡುತ್ತಿದ್ದವಂತೆ, ನಮ್ಮದರ ಹತ್ತಿರ ಬಂದು ನೋಡಿ ವಾಪಸು ಹೋದವಂತೆ. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ, ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮಧ್ಯಾಹ್ನ ಮೀರಿದ ಮೇಲೆ ಅಲ್ಲಿನ ಪುರೋಹಿತರು ದರ್ಭೆಯಲ್ಲಿ ಒಂದು ಕಾಗೆ ಮಾಡಿ, ಅದರ ಮೂತಿ ಮುಟ್ಟಿಸಿ, 'ಆಯ್ತು, ಏಳಿ' ಎಂದರಂತೆ. ಶಾಸ್ತ್ರದಲ್ಲಿ ಅದಕ್ಕೆ ಅವಕಾಶ ಇದೆ. ನಮ್ಮವರ ಮನಸ್ಸಿನಲ್ಲಿ ಇರಲಿಲ್ಲ. ವಾಪಸು ಬಂದವರು ಅರ್ಧ ಆಗಿದ್ದರು. ಅನ್ನಕ್ಕೆ ಕೈ ಹಾಕಿದವರು ಹಾಗೇ ನಿಲ್ಲಿಸಿ, 'ಅಮ್ಮನಿಗೆ ಏನು ಬೇಕಿತ್ತೇ?' ಎಂದು ನನ್ನನ್ನು ಕೇಳುತ್ತಿದ್ದರು. ಒಂದು ವರ್ಷ ಇದೇ ಪ್ರಶ್ನೆ. ನನಗೆ ಸಿಟ್ಟೂ ಬರುತ್ತಿತ್ತು, ಪಾಪವೂ ಅನ್ನಿಸುತ್ತಿತ್ತು.

ಆ ವರ್ಷವೇ ಕಾಗೆಯೂ ಬಂದದ್ದು. ಬಾಥೆಲ್‌ನಲ್ಲಿ ಕಾಗೆಗೆ ಬರವಿಲ್ಲ, ಅದನ್ನು ಮೊದಲೇ ಹೇಳಬೇಕು. ಶರತ್ಕಾಲ ಬಂತೆಂದರೆ ಸುತ್ತಮುತ್ತಲ ಊರುಗಳ ಕಾಗೆಗಳೆಲ್ಲ ಸಂಜೆ ಹೊತ್ತು ನಾರ್ತ್ ಕ್ರೀಕ್‌ನ ಜೌಗಿಗೆ ಮಲಗಲು ಬರುತ್ತವೆ. ಮೋಡ ಕವಿದಿರುವ ಆಕಾಶದಲ್ಲಿ ಎಲ್ಲ ದಿಕ್ಕಿನಿಂದ ಕಪ್ಪು ಸಾಲುಗಳು ಹರಿದು ಬರುವುದನ್ನು ಪಾರ್ಕಿಂಗ್ ಲಾಟಿನಲ್ಲಿ ನಿಂತು ನೋಡಿದರೆ ಮೈ ಜುಮ್ಮೆನ್ನುತ್ತದೆ. ಕೂಗಾಡುತ್ತ ಬಂದು, ಎಲೆ ಉದುರಿದ ಮರಗಳ ಮೇಲೆ ಕೂತು, ಕತ್ತಲಾಗುತ್ತಿದ್ದ ಹಾಗೆ ಒಂದೇ ಸಲಕ್ಕೆ ಸುಮ್ಮನಾಗುತ್ತವೆ. ಆ ಸುಮ್ಮನಾಗುವುದು ಕೂಗಿಗಿಂತ ಕೆಟ್ಟದ್ದು. ಅಷ್ಟು ಕಾಗೆಗಳಲ್ಲಿ ಒಂದು ಮಾತ್ರ ಗುಂಪಿನ ಜೊತೆ ಹೋಗುತ್ತಿರಲಿಲ್ಲ. ಆಫೀಸಿನ ಲಾಬಿಯ ಗಾಜಿನ ಬಾಗಿಲ ಹೊರಗೆ, ನಾನು ಕೆಲಸ ಮುಗಿಸಿ ಇಳಿಯುವ ಹೊತ್ತಿಗೆ ನಿಂತಿರುತ್ತಿತ್ತು. ಕೊಕ್ಕಿನಿಂದ ಗಾಜಿನ ಮೇಲೆ ಟಕ್ ಟಕ್ ಎಂದು ತಟ್ಟುತ್ತಿತ್ತು. ನಾನು ಹೊರಗೆ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು.

ನೋಡಿ, ಕಾಗೆಯ ಕಾಲಿಗೆ ಪೆಟ್ಟಾಗುವುದಕ್ಕೆ ಸಾವಿರ ಕಾರಣ ಇರಬಹುದು. ಕನ್ನಡಿ ತರಹದ ಗಾಜಿನಲ್ಲಿ ತನ್ನ ಪ್ರತಿಬಿಂಬ ಕಂಡರೆ ಹಕ್ಕಿಗಳು ಕುಕ್ಕುತ್ತವೆ. ಇದನ್ನೆಲ್ಲ ನಾನು ನನಗೇ ಹೇಳಿಕೊಂಡೆ, ನಮ್ಮವರಿಗೆ ಮಾತ್ರ ಏನನ್ನೂ ಹೇಳಲಿಲ್ಲ. ಒಂದು ಸಂಜೆ ಕಾರು ಹತ್ತಿ ಹಿಂದಿನ ಕನ್ನಡಿ ನೋಡಿದರೆ, ಅತ್ತೆಯವರು ಕೂರುತ್ತಿದ್ದ ಸೀಟಿನ ಕಿಟಕಿಯ ಹೊರಗೆ ಅದು ನಿಂತಿತ್ತು. ಬಾಗಿಲು ತೆಗೆಯಲಿ ಎಂದು ಕಾಯುತ್ತಿರುವ ಹಾಗೆ ಕಂಡಿತು. ನಾನು ಸೀಟ್ ಬೆಲ್ಟ್ ಹಾಕಿಕೊಳ್ಳದೆ ಮನೆಗೆ ಹೋದೆ.

ಅಂತೂ ವರ್ಷದ ತಿಥಿ ಬಂತು. ಇಲ್ಲಿ ನಾವು ಇಂಗ್ಲಿಷ್ ತಾರೀಖನ್ನೇ ಹಿಡಿಯುತ್ತೇವೆ. ವಾರದ ಮಧ್ಯೆ ಬಿದ್ದಿತ್ತು, ಇಬ್ಬರೂ ರಜೆ ಹಾಕಿದೆವು. ಮಂತ್ರ ಹೇಳಿಸಲು ಭಟ್ಟರು ಬೆಳಿಗ್ಗೆಯೇ ಬಂದರು. ಭಟ್ಟರು ವಾರದ ದಿನಗಳಲ್ಲಿ ಇಲ್ಲೇ ಹತ್ತಿರದ ಫ್ರೀಮಾಂಟ್‌ನ ಒಂದು ಆಫೀಸಿನಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಾರೆ, ವಾರಾಂತ್ಯದಲ್ಲಿ ಸತ್ಯನಾರಾಯಣ ಪೂಜೆ. ನಮಗಾಗಿ ಅರ್ಧ ದಿನ ರಜೆ ಮಾಡಿದ್ದರು. ನಾನು ಅತ್ತೆಯವರದೇ ಒಂದು ಮಡಿ ಸೀರೆ ಉಟ್ಟು, ಮೆಣಸಿನಕಾಯಿ ಸೋಕಿಸದೆ ಕಾಳುಮೆಣಸಿನಲ್ಲೇ ಅಡಿಗೆ ಮಾಡಿದೆ. ವಡೆ, ಪಾಯಸ, ಎಳ್ಳುಂಡೆ, ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು. ಫ್ರೀಜರಿನಲ್ಲಿ ಕಲ್ಲಾಗಿದ್ದ ಬಾಳೆಎಲೆಯನ್ನು ಬಿಸಿನೀರಿನಲ್ಲಿ ಮೃದು ಮಾಡಿ ಬಡಿಸಿ, ಬಾಲ್ಕನಿಯ ಕಟಾಂಜನದ ಹತ್ತಿರ ಎಡೆ ಇಟ್ಟೆವು. ಭಟ್ಟರು ಊಟ ಮುಗಿಸಿ ಆಫೀಸಿಗೆ ಹೊರಟರು. 'ಕಾಗೆ ಮುಟ್ಟಿದ ಮೇಲೆ ನೀವು ಊಟಕ್ಕೆ ಕೂತ್ಕೊಳಿ. ಇಲ್ಲೇನು, ಕಾಗೆಗಳ ರಾಜಧಾನಿ' ಎಂದು ನಕ್ಕರು.

ಕಾಗೆ ಬಂತು. ಅದೇ ಕಾಗೆ. ನಮ್ಮ ಮನೆ ಅದಕ್ಕೆ ಹೇಗೆ ಗೊತ್ತಾಯಿತೋ, ಕಟಾಂಜನದ ಮೇಲೆ ಕೂತು, ಎಡಗಾಲನ್ನು ಸ್ವಲ್ಪ ಎತ್ತಿ ಹಿಡಿದು, ವಡೆಯನ್ನು ಒಂದು ಕಣ್ಣಿನಿಂದ ನೋಡಿತು. ಆಮೇಲೆ ಇನ್ನೊಂದು ಕಣ್ಣಿನಿಂದ ನೋಡಿತು. ಆಮೇಲೆ ಮುಖ ತಿರುಗಿಸಿತು. ನಾನು ಮಾಡಿದ ಅಡಿಗೆಗೆ ಅತ್ತೆಯವರು ಮದುವೆಯಾದ ಹೊಸದರಲ್ಲಿ ಹಾಗೇ ಮುಖ ತಿರುಗಿಸುತ್ತಿದ್ದರು.

'ಅಮ್ಮಾ' ಎಂದರು ನಮ್ಮವರು. ಒದ್ದೆ ಪಂಚೆಯಲ್ಲಿ ಕೈ ಮುಗಿದು ನಿಂತಿದ್ದರು. 'ಏನು ಬೇಕು ಹೇಳಮ್ಮ. ದಿನಾ ಸಂಧ್ಯಾವಂದನೆ ಮಾಡ್ತೀನಿ.'

ಕಾಗೆ ಅಲುಗಲಿಲ್ಲ. ಈ ಮಾತನ್ನು ಅದು ನಂಬದೇ ಇದ್ದದ್ದಕ್ಕೆ ನಾನು ದೂರುವುದಿಲ್ಲ.

'ತಮ್ಮನ ಜೊತೆ ಮಾತು ಬಿಟ್ಟಿದೀನಿ ಅಂತ ಬೇಜಾರಾ? ಇವತ್ತೇ ಫೋನ್ ಮಾಡ್ತೀನಿ. ಮೈಸೂರಿಗೆ ಹೋಗ್ಬೇಕು ಅಂತಿತ್ತಾ? ಕಳಿಸ್ಬೇಕಾಗಿತ್ತು, ಕಳಿಸ್ಲಿಲ್ಲ.' ಒಂದೊಂದಕ್ಕೂ ನಿಲ್ಲಿಸಿ ಕಾದು ನೋಡುತ್ತಿದ್ದರು. ಕಾಗೆ ಅವರನ್ನು ನೋಡುತ್ತಿತ್ತು, ಎಲೆಯನ್ನು ನೋಡುತ್ತಿರಲಿಲ್ಲ. ಮಧ್ಯಾಹ್ನ ದಾಟಿತು. ಮಂಜು ಇಳಿಯಲು ಶುರುವಾಯಿತು, ಪಾಯಸದ ಮೇಲೆ ಕೆನೆ ಕಟ್ಟಿತು. ನಾನು ಮೆಲ್ಲಗೆ, ಭಟ್ಟರನ್ನು ಕೇಳಿ ದರ್ಭೆಯ ಕಾಗೆ ಮಾಡಿಬಿಡೋಣವೇ ಎಂದೆ.

'ಹುಲ್ಲಿನ ಕಾಗೆ ನನಗೆ ಬೇಡ' ಎಂದರು ನಮ್ಮವರು. 'ಒಂದು ಸಲ ಅಮ್ಮನಿಗೆ ಮೋಸ ಮಾಡಿದೀನಿ. ಅವಳು ತಿನ್ನೋ ತನಕ ನಾನು ತಿನ್ನಲ್ಲ.' ಕುರ್ಚಿ ಎಳೆದುಕೊಂಡು ಬಾಲ್ಕನಿಯಲ್ಲೇ ಕೂತುಬಿಟ್ಟರು. ಸಕ್ಕರೆ ಕಾಯಿಲೆಯ ಮನುಷ್ಯ, ಬೆಳಗಿನಿಂದ ಹೊಟ್ಟೆಗೆ ನೀರು ಮಾತ್ರ. ಕತ್ತಲಾಗುವ ಮೊದಲು ಕಾಗೆಗಳೆಲ್ಲ ಜೌಗಿಗೆ ಹೋಗಿಬಿಡುತ್ತವೆ, ಆಮೇಲೆ ಈ ಹಟಕ್ಕೆ ಕೊನೆ ಎಲ್ಲಿ ಎಂದು ನನಗೆ ನಿಜವಾಗಿ ಭಯವಾಯಿತು.

ಇಂಥ ಹೊತ್ತಿನಲ್ಲೇ ಆಫೀಸಿನಿಂದ ಫೋನು. ಲ್ಯಾಬಿನ ಒಂದು ಮೆಷೀನು ನನ್ನ ಹೆಸರಿನಲ್ಲಿ ಲಾಕ್ ಆಗಿದೆಯಂತೆ, ಬಂದು ತೆಗೆದುಕೊಟ್ಟರೆ ಸಾಕಂತೆ. ಬೈದುಕೊಳ್ಳುತ್ತಲೇ, ಬಂದು ಮತ್ತೆ ಸ್ನಾನ ಮಾಡಿದರಾಯಿತೆಂದು ಉಟ್ಟ ಸೀರೆಯಲ್ಲೇ ಹೋದೆ. ಲಾಬಿಯ ಬಾಗಿಲು ತಳ್ಳಿದರೆ ಡೋರಿಸ್ ತಲೆ ಎತ್ತಿ ನೋಡಿ, ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟಳು. ಮುಖ ಬಿಳುಚಿತ್ತು. ಅವಳ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ.

'ಕ್ಷಮಿಸು' ಎಂದಳು. 'ಒಂದು ಕ್ಷಣ ಅವರೇ ಬಂದ್ರು ಅಂದ್ಕೊಂಡೆ. ಈ ಸೀರೆ ನನಗೆ ಗೊತ್ತು. ಕಳೆದ ವರ್ಷ ಏಂಜೆಲ್ ಫುಡ್ ಕೇಕ್ ದಿನ ಇದನ್ನೇ ಉಟ್ಕೊಂಡು ಬಂದಿದ್ರು. ಇವತ್ತು ಮತ್ತೆ ಅದೇ ದಿನ. ಅವರಿಗೆ ಇದು ಎಲ್ಲಕ್ಕಿಂತ ಇಷ್ಟ ಅಂತ ಇವತ್ತೂ ಮಾಡ್ಕೊಂಡು ಬಂದಿದೀನಿ.'

ಕಟ್ಟೆಯ ಮೇಲೆ ತಟ್ಟೆ ಇತ್ತು. ತಟ್ಟೆಯಲ್ಲಿ ಮಲ್ಲಿಗೆ ಇಡ್ಲಿಯಷ್ಟು ಬೆಳ್ಳಗೆ, ಮೆತ್ತಗೆ ಒಂದು ಕೇಕು. 'ಯಾರಿಗೆ ಇಷ್ಟ?' ಎಂದೆ.

'ನಿಮ್ಮ ಅತ್ತೆಗೆ. ಪ್ರತಿ ಸಂಜೆ ಒಂದು ತಗೊಳ್ತಿದ್ರಲ್ಲ. ಡೋನಟ್, ಪೈ, ಮಫಿನ್, ಯಾವುದಕ್ಕೂ ಇಲ್ಲ ಅಂದಿಲ್ಲ. ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ.'

ನಾನು ತಟ್ಟೆಯ ಮೇಲೆ ಬಗ್ಗಿ ಮೂಸಿದೆ. 'ಡೋರಿಸ್, ಇದಕ್ಕೆ ಮೊಟ್ಟೆ ಹಾಕ್ತಾರಾ?'

'ಮೊಟ್ಟೆಯೇ ಇದು. ಒಂದು ಡಜನ್ ಮೊಟ್ಟೆಯ ಬಿಳಿ ಭಾಗ, ಮೇಲಿಷ್ಟು ಸಕ್ಕರೆ, ಹಿಟ್ಟು.'

'ಅವರಿಗೆ ಅದು ಗೊತ್ತಿರಲಿಲ್ಲ' ಎಂದೆ. ಗೊತ್ತಿಲ್ಲದೆ ತಿಂದ ಪಾಪ ತಟ್ಟುವುದಿಲ್ಲ ಎಂದು ನನ್ನ ತಲೆ ಆಗಲೇ ಲೆಕ್ಕ ಹಾಕುತ್ತಿತ್ತು.

'ಗೊತ್ತಿತ್ತು. ಬೆರಳು ತೋರಿಸಿ ಏನು ಅಂತ ಕೇಳಿದ್ರು. ಭಾಷೆ ಬರಲ್ವಲ್ಲ, ನಾನು ಹೀಗೆ ಮಾಡಿದೆ' ಎಂದು ಡೋರಿಸ್ ಎದ್ದು ನಿಂತು, ಎರಡು ಮೊಣಕೈಗಳನ್ನೂ ರೆಕ್ಕೆಯ ಹಾಗೆ ಬಡಿದು, ಕೊಕ್ಕೊಕ್ಕೊ ಎಂದಳು. 'ತುಂಬ ನಕ್ಕರು. ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಆಮೇಲೆ ಹೀಗೆ ಮಾಡಿದ್ರು.' ಡೋರಿಸ್ ಎಡಕ್ಕೊಮ್ಮೆ ನೋಡಿದಳು, ಬಲಕ್ಕೊಮ್ಮೆ ನೋಡಿದಳು. 'ಆಮೇಲೆ ಎರಡನೇ ತುಂಡು ಕೇಳಿದ್ರು. ನಾಳೆ ಕೊಡ್ತೀನಿ, ಇವತ್ತು ಬೇರೆಯವರಿಗೂ ಬೇಕು ಅಂತ ಸನ್ನೆ ಮಾಡಿದೆ. ಮಾರನೇ ದಿನದಿಂದ ಅವರು ಬರಲಿಲ್ಲ.'

ಲ್ಯಾಬಿನ ಮೆಷೀನಿಗೆ ಏನು ಮಾಡಿದೆನೋ ನನಗೆ ನೆನಪಿಲ್ಲ. ಪೇಪರ್ ತಟ್ಟೆಯಲ್ಲಿ ಒಂದು ತುಂಡು ಕೇಕು ಹಿಡಿದುಕೊಂಡು ಮನೆಗೆ ಬಂದೆ. ಬಾಲ್ಕನಿಯಲ್ಲಿ ನಮ್ಮವರೂ ಕಾಗೆಯೂ ಎದುರುಬದುರಾಗಿ ಹಾಗೇ ಕೂತಿದ್ದರು. ಎಲ್ಲವನ್ನೂ ಹೇಳಿದೆ, ಕೋಳಿಯ ರೆಕ್ಕೆ ಬಡಿಯುವುದನ್ನು ಮಾತ್ರ ಮಾಡಿ ತೋರಿಸಲಿಲ್ಲ.

'ನಮ್ಮಮ್ಮನಾ? ಮೊಟ್ಟೆಯಾ?' ಎಂದರು ನಮ್ಮವರು. ಭಟ್ಟರಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು.

ಭಟ್ಟರು ವಿಷಯವನ್ನು ಎರಡು ಸಲ ಹೇಳಿಸಿ ಕೇಳಿದರು. ಆಮೇಲೆ, 'ಶ್ರೀಕಂಠ, ಎಲೆ ಮೇಲೆ ಇಡೋ ಹಾಗಿಲ್ಲ' ಎಂದರು. 'ಎಲೆ ಪಕ್ಕದಲ್ಲಿ ನೀವು ಏನಿಟ್ಟಿದೀರಿ ಅಂತ ನನಗೆ ಫೋನಲ್ಲಿ ಹ್ಯಾಗೆ ಕಾಣುತ್ತೆ? ನನಗೊಂದು ಮೀಟಿಂಗ್ ಇದೆ.' ಫೋನು ಇಟ್ಟರು. ಶಾಸ್ತ್ರ ಬಲ್ಲವರು ಹೀಗಿರಬೇಕು.

ಆಕಾಶದಲ್ಲಿ ಅಷ್ಟು ಹೊತ್ತಿಗೆ ಸಾಲುಗಳು ಶುರುವಾಗಿದ್ದವು. ಮಂಜಿನೊಳಗಿಂದ ಹುಟ್ಟಿ ಮಂಜಿನೊಳಕ್ಕೆ ಹೋಗುತ್ತಿದ್ದವು, ಮೇಲೆಲ್ಲ ಬರೀ ರೆಕ್ಕೆಯ ಸದ್ದು. ನಮ್ಮವರು ಪೇಪರ್ ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಎಲೆಯಿಂದ ಒಂದು ಗೇಣು ದೂರದಲ್ಲಿ ಇಟ್ಟರು. 'ತಿನ್ನಮ್ಮ' ಎಂದರು. 'ಯಾರೂ ನೋಡ್ತಿಲ್ಲ.' ಮತ್ತೆ ನನ್ನ ಕಡೆ ತಿರುಗಿ, 'ನೀನೂ ಆ ಕಡೆ ತಿರುಗೇ' ಎಂದರು.

ನಾನು ತಿರುಗಿದೆ, ಆದರೆ ಬಾಗಿಲ ಗಾಜಿನಲ್ಲಿ ಎಲ್ಲ ಕಾಣುತ್ತಿತ್ತು. ಕಾಗೆ ಕಟಾಂಜನದಿಂದ ಇಳಿಯಿತು. ಎಡಗಾಲು ಎಳೆಯುತ್ತ ತಟ್ಟೆಯ ಹತ್ತಿರ ಬಂತು. ಎಡಕ್ಕೊಮ್ಮೆ ನೋಡಿತು. ಬಲಕ್ಕೊಮ್ಮೆ ನೋಡಿತು. ಆಮೇಲೆ ಅವಸರವಿಲ್ಲದೆ, ಒಂದು ಚೂರೂ ಬಿಡದೆ ಕೇಕು ತಿಂದಿತು. ಮುಗಿಸಿ, ಎಲೆಯ ಹತ್ತಿರ ಹೋಗಿ, ವಡೆಯನ್ನು ಕೊಕ್ಕಿನಿಂದ ಒಂದು ಸಲ ಮುಟ್ಟಿತು, ಅಷ್ಟೆ. ಅದು ಸೊಸೆಗೆ ಬೇಜಾರಾಗದಿರಲಿ ಅಂತ ಮಾಡಿದ್ದೆಂದು ನನಗೆ ಗೊತ್ತು.

ನಮ್ಮವರು ನಕ್ಕರು. ನಗುತ್ತ ನಗುತ್ತಲೇ ಅತ್ತರು. 'ಅಮ್ಮ ತಿಂದ್ಲು ಕಣೆ' ಎಂದರು. ಒಂದು ವರ್ಷದ ಮೇಲೆ ಅವತ್ತು ಹೊಟ್ಟೆ ತುಂಬ ಉಂಡರು, ನಾನು ಬೇಡವೆಂದರೂ ಪಾಯಸವನ್ನು ಎರಡು ಸಲ ಹಾಕಿಸಿಕೊಂಡರು, ಊಟವಾದ ಮೇಲೆ ತಮ್ಮನಿಗೆ ಫೋನ್ ಮಾಡಿದರು. ನನಗೂ ಅಳು ಬಂದಿತ್ತು. ಸೇರಿದಷ್ಟು ಉಂಡು, ಪಾತ್ರೆ ತೊಳೆಯುತ್ತ ಅತ್ತುಕೊಂಡೆ.

ಟೆಸ್ಟರ್ ಆಗಿ ಹೇಳುವುದಾದರೆ, ಇದರಲ್ಲಿ ಏನೂ ಸಾಬೀತಾಗಿಲ್ಲ. ಕಾಳುಮೆಣಸಿನ ವಡೆಗಿಂತ ಸಕ್ಕರೆಯ ಕೇಕು ಯಾವ ಕಾಗೆಗಾದರೂ ರುಚಿಯೇ. ಪರೀಕ್ಷೆ ಮಾಡೋಣವೆಂದು ಮಾರನೇ ದಿನ ಅಂಗಡಿಯಿಂದ ಅದೇ ಕೇಕು ತಂದು ಬಾಲ್ಕನಿಯಲ್ಲಿಟ್ಟೆ. ಕಾಗೆ ಬಂದು, ನೋಡಿ, ಮುಖ ತಿರುಗಿಸಿತು. ಎರಡು ಸಂಜೆ ತಲೆ ಕೆಡಿಸಿಕೊಂಡು, ಮೂರನೆಯ ದಿನ ಡೋರಿಸ್‌ಳನ್ನು ಇವತ್ತು ಯಾವ ಹಬ್ಬವೆಂದು ಕೇಳಿ, ಆ ತಿಂಡಿಯನ್ನು ತಂದಿಟ್ಟೆ. ತಕ್ಷಣ ತಿಂದಿತು. ಅಲ್ಲಿಂದ ನನ್ನ ಪಾಡು ನೋಡಿ. ವರ್ಷಕ್ಕೊಂದು ತಿಥಿ ಎಂದು ತಿಳಿದು ಈ ಮನೆ ಸೇರಿದವಳು ನಾನು, ಈಗ ದಿನಾ ತಿಥಿ. ಆಡಿಕೊಂಡು ನಗುತ್ತಿದ್ದ ಹಬ್ಬಗಳನ್ನೆಲ್ಲ ಒಂದೂ ತಪ್ಪಿಸದೆ ಮಾಡುತ್ತಿದ್ದೇನೆ. ಡೋರಿಸ್ ಪ್ರತಿ ಸಂಜೆ ಎರಡು ತುಂಡು ಕಟ್ಟಿಕೊಡುತ್ತಾಳೆ. ಕಾಗೆಗೆ ಒಂದೇ ಸಾಕು ಎಂದು ನಾನು ಅವಳಿಗೆ ಹೇಳಿಲ್ಲ.

ಮೊನ್ನೆ ಡೋನಟ್ ದಿನ. ಮನೆಗೆ ಬಂದು ಬಾಲ್ಕನಿಯಲ್ಲಿ ತಟ್ಟೆ ಇಟ್ಟು ಒಳಗೆ ಬಂದರೆ, ನಮ್ಮವರು ಊಟಕ್ಕೆ ಕೂತಿದ್ದರು. ನನಗೂ ಬಡಿಸಲು ಹೋದರು. 'ಹಸಿವೇ ಇಲ್ಲ ಕಣ್ರೀ, ಒಂದು ಲೋಟ ಹಾಲು ಸಾಕು' ಎಂದೆ. ಅವರು ಸೌಟು ಹಿಡಿದುಕೊಂಡೇ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. 'ಅಲ್ಲ ಕಣೆ, ನಾಳೆ ನಿನ್ನ ತಿಥಿಗೆ ಏನಿಡ್ಬೇಕು ಅಂತ ಈಗ್ಲೇ ಹೇಳ್ಬಿಡು' ಎಂದರು.

'ನನಗೇನ್ರೀ, ವಡೆ ಪಾಯಸ ಸಾಕು' ಎಂದೆ.

'ಅಮ್ಮಾನೂ ಇದೇ ಹೇಳ್ತಿದ್ಲು' ಎಂದು ಅವರು ಕೈ ಚಾಚಿ, ನನ್ನ ತುಟಿಯ ಪಕ್ಕದ ಸಕ್ಕರೆ ಪುಡಿಯನ್ನು ಒರೆಸಿದರು. ನಾನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿದೆ. ಬಾಲ್ಕನಿಯ ಗಾಜಿನ ಆಚೆ ಕಾಗೆ ತಿನ್ನುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿತ್ತು.